ತೆರಿಗೆ ಲೆಕ್ಕದಲ್ಲಿ ನಾನು ವಿದ್ಯಾರ್ಥಿನಿಯಾದ ವರ್ಷ

ಮೂವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಫ್ರಿಡ್ಜ್ ರಿಪೇರಿ ಕಲಿಯಲು ಹೋದೆ. ಈಗ ಇದನ್ನು ಹೇಳಿದರೆ ಜನ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆಗ ಹೇಳಿದಾಗ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಯಾರಿಗೆ, ಮಗಳಿಗಾ?"

ನಾವಿದ್ದದ್ದು ಕುಂದಾಪುರ ಪೇಟೆಯಿಂದ ಸ್ವಲ್ಪ ಒಳಗೆ. ಗಂಡ ಬೈಂದೂರು ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮಗಳು ಎಂಟನೇ ಕ್ಲಾಸು. ನನ್ನ ತವರು ಹಂಗಾರಕಟ್ಟೆ. ಅಪ್ಪಯ್ಯ ದೋಣಿಗೆ ಹೋಗುತ್ತಿದ್ದರು, ಅಮ್ಮ ಬುಟ್ಟಿ ಹೊತ್ತು ಬ್ರಹ್ಮಾವರದ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಚಿಕ್ಕವಳಿದ್ದಾಗ ಅಮ್ಮನ ಜೊತೆ ಐಸ್ ಪ್ಲಾಂಟಿಗೆ ಹೋಗುವುದೆಂದರೆ ನನಗೆ ಎಲ್ಲಿಲ್ಲದ ಹುರುಪು. ಹೊರಗೆ ಬೆವರು ಇಳಿಯುವ ಸೆಕೆ, ಒಳಗೆ ಆಳೆತ್ತರದ ಮಂಜುಗಡ್ಡೆ ಹೊಗೆಯಾಡುತ್ತಾ ಜಾರಿ ಬರುತ್ತಿತ್ತು. ಇಷ್ಟು ಬಿಸಿಯ ಊರಿನಲ್ಲಿ ಈ ಚಳಿ ಎಲ್ಲಿಂದ ಬರುತ್ತದೆ ಎಂದು ಅಮ್ಮನನ್ನು ಕೇಳಿದರೆ, "ಮಿಷನಿಂದ ಬತ್ತ್" ಎಂದು ಹೇಳಿ ಬುಟ್ಟಿಗೆ ಐಸು ತುಂಬಿಸುವುದರಲ್ಲಿ ಮುಳುಗುತ್ತಿದ್ದಳು.

1997ರಲ್ಲಿ ನಾನು ವಿಜ್ಞಾನ ತೆಗೆದುಕೊಂಡು ಪಿಯುಸಿ ಪಾಸಾದೆ. ಮುಂದೆ ಡಿಪ್ಲೊಮಾ ಓದಬೇಕೆಂಬ ಆಸೆ ಇತ್ತು. ಯಾರೂ ಬೇಡ ಅನ್ನಲಿಲ್ಲ, ಯಾರೂ ಹೂಂ ಅನ್ನಲೂ ಇಲ್ಲ. ಎರಡು ಮಳೆಗಾಲ ಹಾಗೇ ಕಳೆಯಿತು, ಮೇಷ್ಟ್ರ ಸಂಬಂಧ ಬಂತು, ಮದುವೆಯಾಯಿತು. ಬೇಜಾರಿನ ಕತೆಯೇನಲ್ಲ ಇದು. ಗಂಡ ಒಳ್ಳೆಯವರು, ಮನೆ ನಗುನಗುತ್ತಾ ಇತ್ತು. ಮಗಳಿಗೆ ವಿಜ್ಞಾನ ಪಾಠ ಹೇಳಿಕೊಡುವಾಗ ಮಾತ್ರ ನಾನು ಅವಳಿಗೆ ಬೇಕಾದದ್ದಕ್ಕಿಂತ ಜಾಸ್ತಿ ಹೇಳುತ್ತಿದ್ದೆ. ಅವಳು ಪುಸ್ತಕ ಮುಚ್ಚಿ, "ಅಮ್ಮ, ಪರೀಕ್ಷೆಗೆ ಇಷ್ಟೆಲ್ಲ ಇಲ್ಲೆ" ಎನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ನಮ್ಮ ಫ್ರಿಡ್ಜ್ ಕೆಟ್ಟಿತು. ಮೆಕ್ಯಾನಿಕ್ಕಿಗೆ ಫೋನು ಮಾಡಿ ಮಾಡಿ ಸಾಕಾದ ಮೇಲೆ ಅವರು ಬಂದರು. ಸುಮಾರು ನನ್ನದೇ ವಯಸ್ಸಿನವರು, ಗಡಿಬಿಡಿಯ ಮನುಷ್ಯ. ಫ್ರಿಡ್ಜನ್ನು ಗೋಡೆಯಿಂದ ಎಳೆದು ಹಿಂಬದಿ ಬಿಚ್ಚಿದಾಗ ನಾನು ಪಕ್ಕದಲ್ಲೇ ಕುಳಿತೆ. ಕಪ್ಪು ಕಂಪ್ರೆಸರ್, ಅದರಿಂದ ಹೊರಟು ಸುತ್ತಿ ಸುತ್ತಿ ಹೋಗುವ ತಾಮ್ರದ ಕೊಳವೆ. ಪಿಯುಸಿಯ ಫಿಸಿಕ್ಸ್ ಪುಸ್ತಕದಲ್ಲಿ ಬರೀ ಒಂದು ಚೌಕ ಮತ್ತು ಎರಡು ಬಾಣವಾಗಿದ್ದದ್ದು ನನ್ನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬೆನ್ನು ತಿರುಗಿಸಿ ನಿಂತಿತ್ತು.

"ಈ ಪೈಪು ಬಿಸಿ ಇಪ್ಪುದು, ಅದು ತಣ್ಣಗಿಪ್ಪುದು, ಅಲ್ದಾ?" ಎಂದೆ.

ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಹೌದು. ನಿಮ್ಗೆ ಹೆಂಗೆ ಗೊತ್ತ್?"

"ಗ್ಯಾಸು ಒತ್ತಿದ್ರೆ ಬಿಸಿಯಾತ್ತ್, ಹಿಗ್ಗಿದ್ರೆ ತಣ್ಣಗಾತ್ತ್. ಓದಿದ್ದೆ ಯಾವತ್ತೋ."

ಆಮೇಲೆ ಅವರು ಪ್ರತಿಯೊಂದನ್ನೂ ಮುಟ್ಟಿ ತೋರಿಸಿದರು. ಹೋಗುವಾಗ ಚಹಾ ಕುಡಿಯುತ್ತಾ, ತಾನು ಕಲಿತದ್ದು ಬ್ರಹ್ಮಾವರದ ಹತ್ತಿರದ ಒಂದು ತರಬೇತಿ ಸಂಸ್ಥೆಯಲ್ಲಿ, ಈಗಲೂ ಆ ಕೋರ್ಸು ನಡೆಯುತ್ತಿದೆ, ಆದರೆ ಹುಡುಗರು ಕಡಿಮೆ ಎಂದು ಹೇಳಿದರು. ಆ ಮಾತನ್ನು ಅವರು ನನಗಾಗಿ ಹೇಳಿದ್ದಲ್ಲ, ಸುಮ್ಮನೆ ಲೋಕಾಭಿರಾಮ. ಆದರೆ ಅವರು ಗೇಟು ದಾಟುವಷ್ಟರಲ್ಲಿ ಲೋಟ ತೊಳೆಯುತ್ತಿದ್ದವಳು ಅದನ್ನು ಸೋಪಿನಲ್ಲೇ ಬಿಟ್ಟು ಹೊರಗೆ ಬಂದು ನಿಂತೆ. ಹುಡುಗರು ಸಿಗದಿದ್ದರೆ ಹೆಂಗಸು ಆಗುವುದಿಲ್ಲವೇ?

ಸಂಜೆ ಗಂಡ ಬಂದು ಕಾಲು ತೊಳೆದು ಕುಳಿತದ್ದೇ ತಡ, ಹೇಳಿಬಿಟ್ಟೆ.

"ಫ್ರಿಡ್ಜ್ ರಿಪೇರಿಯಾ?" ಎಂದರು.

"ಫ್ರಿಡ್ಜು, ಎಸಿ, ಐಸ್ ಪ್ಲಾಂಟು ಎಲ್ಲ. ಎರಡು ವರ್ಷದ ಕೋರ್ಸು. ಸರ್ಕಾರದ ಮಾನ್ಯತೆ ಇತ್ತಂಬ್ರು."

ಅವರು ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಚಹಾದ ಲೋಟ ಕೆಳಗಿಟ್ಟು, "ವಯಸ್ಸಿನ ಮಿತಿ ಇತ್ತಾ ಕೇಂಡ್ಯಾ?" ಎಂದರು. ಅಷ್ಟರಲ್ಲೇ ನನಗೆ ಗೊತ್ತಾಯಿತು, ಈ ಮನುಷ್ಯ ಬೇಡ ಅನ್ನುವುದಿಲ್ಲ ಎಂದು. ಬೇಡ ಅನ್ನುವವರು ವಯಸ್ಸಿನ ಮಿತಿ ವಿಚಾರಿಸುವುದಿಲ್ಲ.

ವಯಸ್ಸು ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಫೀಸು. ಮನೆ ಕಟ್ಟಿದ ಸಾಲ ಇನ್ನೂ ಸಂಬಳದಲ್ಲಿ ಕಡಿತವಾಗುತ್ತಿತ್ತು. ಹಾಗಾಗಿ ಶಿಕ್ಷಣ ಸಾಲ ಕೇಳಲು ಇಬ್ಬರೂ ಬ್ಯಾಂಕಿಗೆ ಹೋದೆವು. ಮ್ಯಾನೇಜರು ನಮ್ಮನ್ನು ಕೂರಿಸಿ, ಸಂತೋಷದಿಂದ, "ಮಗಳು ಯಾವ ಕಾಲೇಜು?" ಎಂದರು.

"ಮಗಳಲ್ಲ. ಇವ್ಳು" ಎಂದರು ಗಂಡ.

ಮ್ಯಾನೇಜರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. ಬಳಿಕ ಫೋನಿನಲ್ಲಿ ಯಾರನ್ನೋ ವಿಚಾರಿಸಿದರು, ಇನ್ನೊಂದು ದಿನ ಬರಲು ಹೇಳಿದರು. ಕೊನೆಗೆ ಸಾಲ ಸಿಕ್ಕಿತು, ಗಂಡನ ಹೆಸರಿನಲ್ಲಿ, ನನ್ನ ಓದಿಗಾಗಿ. ಕಲಿಯುವಾಗಲೇ ಬಡ್ಡಿ ಕಟ್ಟುತ್ತಾ ಹೋಗುವುದೆಂದು ನಾವೇ ತೀರ್ಮಾನ ಮಾಡಿಕೊಂಡೆವು.

ಅಮ್ಮನಿಗೆ ಹೇಳಲು ಹಂಗಾರಕಟ್ಟೆಗೆ ಹೋದಾಗ ಅವಳು ಜಗಲಿಯಲ್ಲಿ ಕುಳಿತು ಸಿಗಡಿ ಸುಲಿಯುತ್ತಿದ್ದಳು. "ಮದಿ ಆಯಿ, ಮಗಳ್ ದೊಡ್ಡ ಆಯಿ, ಈಗ ಶಾಲಿಗಾ? ಜನ ಎಂತ ಹೇಳುದಿಲ್ಲೆ?" ಎಂದಳು.

"ಐಸ್ ಮಾಡು ಮಿಷನ್ ಕಲೂಕೆ ಹೋಪುದ್ ಅಮ್ಮ."

ಅವಳ ಕೈ ನಿಂತಿತು. "ಐಸಿನ ಮಿಷನ್ನಾ?" ಎಂದು ಇನ್ನೊಮ್ಮೆ ಕೇಳಿದಳು. ಜನ್ಮವಿಡೀ ಐಸಿಗಾಗಿ ಸಾಲಿನಲ್ಲಿ ನಿಂತವಳು ಅವಳು. ಪ್ಲಾಂಟು ಕೆಟ್ಟ ದಿನ ಮೀನು ಕೊಳೆಯುವ ಮೊದಲು ಬಂದ ರೇಟಿಗೆ ಕೊಟ್ಟು ಬಂದವಳು. ಮತ್ತೆ ಜನರ ಮಾತು ಅವಳ ಬಾಯಲ್ಲಿ ಬರಲಿಲ್ಲ. ಮರುವಾರ ಅವಳೇ ಅಕ್ಕಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದಿದ್ದಳು.

ಕೋರ್ಸು ಶುರುವಾದ ಮೇಲೆ ದಿನಾ ಬೆಳಿಗ್ಗೆ ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ ಗಂಡ ಬೈಂದೂರಿನ ಬಸ್ಸು ಹತ್ತುವುದು, ನಾನು ಬ್ರಹ್ಮಾವರದ ಬಸ್ಸು ಹತ್ತುವುದು. ಅವರು ಬಡಗು ದಿಕ್ಕಿಗೆ, ನಾನು ತೆಂಕು ದಿಕ್ಕಿಗೆ. ಇಬ್ಬರ ಹೆಗಲಿನಲ್ಲೂ ಚೀಲ, ಇಬ್ಬರ ಚೀಲದಲ್ಲೂ ಬುತ್ತಿ. ಮೊದಲ ದಿನ ಕಂಡಕ್ಟರು, "ಟೀಚರಾ?" ಎಂದ. "ಅಲ್ಲ, ಸ್ಟೂಡೆಂಟ್" ಎಂದೆ. ಹೇಳುವಾಗ ಕೆನ್ನೆ ಬಿಸಿಯಾಯಿತು, ಆದರೆ ಇನ್ನೊಬ್ಬರು ಯಾರಾದರೂ ಕೇಳಲಿ ಅಂತಲೂ ಅನ್ನಿಸಿತು.

ಕ್ಲಾಸಿನಲ್ಲಿ ಎಲ್ಲ ಹದಿನೆಂಟು, ಹತ್ತೊಂಬತ್ತರ ಹುಡುಗರು. ನಾನು ಒಳಗೆ ಕಾಲಿಟ್ಟದ್ದೇ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದರು. ನಾನು ಹೋಗಿ ಬೆಂಚಿನ ತುದಿಯಲ್ಲಿ ಕುಳಿತಾಗ ಅವರಿಗೆ ಕೂರುವುದೋ ನಿಲ್ಲುವುದೋ ತಿಳಿಯಲಿಲ್ಲ. ನಮಗೆ ಪಾಠ ಮಾಡುವವರು ಮುಂಬೈಯಲ್ಲಿ ಬಹಳ ಕಾಲ ದೊಡ್ಡ ಹೋಟೆಲುಗಳ ಎಸಿ ನೋಡಿಕೊಂಡು ಊರಿಗೆ ಮರಳಿದವರು. ಮಾತಿನ ನಡುವೆ "ಅರೆ ಬಾಬಾ" ಎನ್ನುವ ಅಭ್ಯಾಸ. ಅವರು ನನ್ನನ್ನು ನೋಡಿ, "ಇಲ್ಲಿ ಗ್ಯಾಸ್ ಕಟ್ಟರ್ ಹಿಡಿಯಬೇಕಾಗುತ್ತದೆ, ಕಂಪ್ರೆಸರ್ ಎತ್ತಬೇಕಾಗುತ್ತದೆ. ಗೊತ್ತಲ್ಲ?" ಎಂದರು. "ಗೊತ್ತು ಸರ್" ಎಂದೆ. "ಹಾಗಾದರೆ ಸರಿ, ಸೀರೆ ಬೇಡ, ಚೂಡಿದಾರ ಹಾಕಿಕೊಂಡು ಬನ್ನಿ" ಎಂದು ಪಾಠ ಶುರು ಮಾಡಿದರು. ಅವರ ತಕರಾರು ಅಲ್ಲಿಗೇ ಮುಗಿಯಿತು.

ಪುಸ್ತಕದ ಪಾಠ ನನಗೆ ಸುಲಭ. ಕಷ್ಟವಾದದ್ದು ತಾಮ್ರದ ಕೊಳವೆಗಳನ್ನು ಬೆಂಕಿಯಿಂದ ಬೆಸೆಯುವುದು. ಉರಿ ಕಡಿಮೆಯಾದರೆ ಬೆಸುಗೆ ಹಿಡಿಯುವುದಿಲ್ಲ, ಜಾಸ್ತಿಯಾದರೆ ಕೊಳವೆಯೇ ಕರಗಿ ತೂತಾಗುತ್ತದೆ. ನನ್ನ ಮೊದಲ ಕೊಳವೆಗಳೆಲ್ಲ ತೂತಾದವು. ಹುಡುಗರಿಗೆ ಬೇಗ ಬಂತು, ನನಗೆ ಬರಲಿಲ್ಲ. ಬೆಂಕಿ ಭುಸ್ಸೆಂದಾಗ ನಾನು ಕಣ್ಣು ಪಿಳುಕಿಸಿ ಕೈ ಹಿಂದಕ್ಕೆ ಎಳೆಯುತ್ತಿದ್ದೆ. ಒಂದು ದಿನ ಸರ್ ಪಕ್ಕದಲ್ಲಿ ನಿಂತು, "ನೀವು ಬೆಂಕಿಯನ್ನು ನೋಡುತ್ತಿದ್ದೀರಿ. ತಾಮ್ರವನ್ನು ನೋಡಿ. ಅದರ ಬಣ್ಣ ಬದಲಾಗುತ್ತದೆ" ಎಂದರು.

ಬೆಸೆಯುವಾಗ ಹಾಕುವ ರಕ್ಷಣೆಯ ಕನ್ನಡಕದ ಒಳಗಿನಿಂದ ತಾಮ್ರವನ್ನೇ ನೋಡಿದೆ. ಮಂಕು ಬಣ್ಣ ಮೆಲ್ಲಗೆ ಕೆಂಪಾಯಿತು, ಮಾವಿನ ಚಿಗುರಿನ ಹಾಗೆ. ಬೆಸುಗೆಯ ಕಡ್ಡಿ ಮುಟ್ಟಿಸಿದೆ. ಬೆಳ್ಳಗೆ ಕರಗಿದ ಲೋಹ ಕೊಳವೆಯ ಸುತ್ತ ತಾನಾಗಿ ಓಡಿ, ಉಂಗುರದ ಹಾಗೆ ಕೂತಿತು. ಆರಿದ ಮೇಲೆ ಗಾಳಿ ತುಂಬಿಸಿ ಸೋಪಿನ ನೊರೆ ಹಚ್ಚಿದೆವು. ಸೋರುತ್ತಿದ್ದರೆ ಗುಳ್ಳೆ ಏಳಬೇಕು. ಎಲ್ಲರೂ ಬಗ್ಗಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. "ಅಕ್ಕಂದ್ ಪಾಸ್" ಎಂದು ಹುಡುಗರು ಚಪ್ಪಾಳೆ ತಟ್ಟಿದರು. ಆ ತುಂಡು ಕೊಳವೆಯನ್ನು ಮನೆಗೆ ತಂದು ಮಗಳಿಗೆ ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು, "ಇದನ್ನ್ ನೀನ್ ಮಾಡಿದ್ದಾ?" ಎಂದು ಕೇಳಿ, ಮಾರನೇ ದಿನ ಶಾಲೆಗೆ ಒಯ್ದಳು.

ಆ ವರ್ಷದ ಕೊನೆಯ ಭಾಗದಲ್ಲಿ ತೆರಿಗೆಯ ಸಂಗತಿ ಬಂತು. ಸಂಬಳದವರೆಲ್ಲ ಯಾವ ಉಳಿತಾಯ, ಯಾವ ಸಾಲ ಎಂದು ಕಚೇರಿಗೆ ವಿವರ ಕೊಡುವ ಹೊತ್ತು. ಶಿಕ್ಷಣ ಸಾಲಕ್ಕೆ ಕಟ್ಟಿದ ಬಡ್ಡಿಗೆ ವಿನಾಯಿತಿ ಇದೆ ಎಂದು ಗಂಡನಿಗೆ ಎಲ್ಲೋ ಓದಿದ ನೆನಪು. ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಜೊತೆಯ ಮೇಷ್ಟ್ರುಗಳಿಗೆ ತಮಾಷೆ. ಅದು ಮಕ್ಕಳ ಓದಿಗೆ ಮಾತ್ರ, ಹೆಂಡತಿಯ ಫ್ರಿಡ್ಜ್ ರಿಪೇರಿಗೆ ಯಾವ ಸರ್ಕಾರ ವಿನಾಯಿತಿ ಕೊಡುತ್ತದೆ ಎಂದರಂತೆ ಒಬ್ಬರು. ಗಂಡ ಅದನ್ನು ನಗುತ್ತಲೇ ಮನೆಯಲ್ಲಿ ಹೇಳಿದರು, ಆದರೆ ನನಗೆ ನಗು ಬರಲಿಲ್ಲ.

"ಸರಿಯಾಗಿ ಗೊತ್ತಿಪ್ಪರ ಹತ್ರ ಕೇಂಬೊ" ಎಂದೆ.

ಕುಂದಾಪುರದಲ್ಲಿ ಒಂದು ಅಂಗಡಿ ಸಾಲಿನ ಮಹಡಿಯ ಮೇಲೆ ತೆರಿಗೆ ಸಲಹೆಗಾರರೊಬ್ಬರ ಕೋಣೆ ಇತ್ತು. ಶನಿವಾರ ಮಧ್ಯಾಹ್ನ ಇಬ್ಬರೂ ಹೋದೆವು. ವಯಸ್ಸಾದವರು, ನಿಧಾನವಾಗಿ ಮಾತಾಡುವವರು. ಗಂಡ ವಿಷಯ ಹೇಳಿದರು. ಅವರು ನನ್ನ ಕಡೆ ತಿರುಗಿ ಕೇಳಿದರು:

"ನೀವು ಏನು ಓದಿದ್ದೀರಿ?"

"ಪಿಯುಸಿ."

"ಪಾಸಾಗಿದ್ದೀರಾ?"

"97ರಲ್ಲಿ."

"ಒಳ್ಳೆಯದಾಯಿತು. ಪಿಯುಸಿ ಆದ ಮೇಲಿನ ಓದಿಗೆ ಮಾತ್ರ ಇದು. ಸಂಸ್ಥೆಗೆ ಮಾನ್ಯತೆ ಇದೆಯಾ? ಸಾಲ ಬ್ಯಾಂಕಿನದ್ದಾ, ಕೈಸಾಲವಾ?"

ಬ್ಯಾಂಕಿನದ್ದು, ಮಾನ್ಯತೆ ಇದೆ ಎಂದೆವು. ಅವರು ಹಿಂದಿನ ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಹಾಳೆ ತಿರುವಿದರು. ನಾನು ಕುರ್ಚಿಯ ತುದಿಗೆ ಬಂದು ಕುಳಿತಿದ್ದೆ.

"ಕೇಳಿ ಮೇಷ್ಟ್ರೇ. ಮೊದಲು ಇದು ಕೆಲವೇ ದೊಡ್ಡ ಓದಿಗೆ ಇತ್ತು, ಇಂಜಿನಿಯರಿಂಗು, ಮೆಡಿಕಲ್ಲು ಅಂತ. ಈಗ ವೃತ್ತಿ ತರಬೇತಿಗೂ ಉಂಟು. ಮೊದಲು ಸ್ವಂತ ಓದಿಗೆ ಮಾತ್ರ ಇತ್ತು. ಈಗ ಗಂಡ ಹೆಂಡತಿಗಾಗಿ ಸಾಲ ಮಾಡಿದರೂ ಆಗುತ್ತದೆ, ಹೆಂಡತಿ ಗಂಡನಿಗಾಗಿ ಮಾಡಿದರೂ ಆಗುತ್ತದೆ. ಕಟ್ಟಿದ ಬಡ್ಡಿಯನ್ನು ನಿಮ್ಮ ಆದಾಯದಿಂದ ಕಳೆದು, ಉಳಿದದ್ದಕ್ಕೆ ತೆರಿಗೆ. ಅಸಲಿಗೆ ಇಲ್ಲ, ಬಡ್ಡಿಗೆ ಮಾತ್ರ."

"ವಯಸ್ಸು?" ಎಂದೆ ನಾನು. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು.

ಅವರು ಕನ್ನಡಕ ಮೇಲಕ್ಕೆ ಸರಿಸಿದರು. "ಇಲ್ಲಿ ವಯಸ್ಸಿನ ಮಾತೇ ಇಲ್ಲ ಅಮ್ಮ. ವಿದ್ಯಾರ್ಥಿ ಅಂದರೆ ವಿದ್ಯಾರ್ಥಿ."

ಮೆಟ್ಟಿಲು ಇಳಿಯುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಉಳಿಯುವ ತೆರಿಗೆ ಅಷ್ಟೇನೂ ದೊಡ್ಡದಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಆದರೆ ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನಾನು ತಪ್ಪು ಜಾಗದಲ್ಲಿ ಕುಳಿತವಳಾಗಿದ್ದೆ. ದೇಶದ ಕಾನೂನು ಬರೆದವರು ಮಾತ್ರ, ನನ್ನಂಥವಳೂ ಒಬ್ಬಳು ಓದಲು ಹೊರಟಾಳು ಎಂದು ಮೊದಲೇ ಎಣಿಸಿ ಜಾಗ ಇಟ್ಟಿದ್ದರು. ಗಂಡನಿಗೂ ಅದೇ ಅನ್ನಿಸಿರಬೇಕು. ಕೆಳಗಿನ ಹೋಟೆಲಿನಲ್ಲಿ ಗೋಳಿಬಜೆ ತರಿಸಿ, "ತಿನ್ನಿ ವಿದ್ಯಾರ್ಥಿಗಳೇ" ಎಂದು ತಟ್ಟೆ ನನ್ನ ಕಡೆ ದೂಡಿದರು.

ಶಾಲೆಯ ಕಚೇರಿಯಲ್ಲಿ ಅವರು ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್ ಕೊಟ್ಟು ಕಾನೂನನ್ನೂ ವಿವರಿಸಿದರಂತೆ. ಅದು ಒಪ್ಪಿಗೆಯಾಯಿತು. ತಮಾಷೆ ಮಾಡಿದ ಮೇಷ್ಟ್ರು ಸ್ವಲ್ಪ ದಿನದ ಮೇಲೆ ಗುಟ್ಟಾಗಿ ಬಂದು ಕೇಳಿದರಂತೆ, ತನ್ನ ಹೆಂಡತಿಗೆ ಲ್ಯಾಬ್ ಟೆಕ್ನಿಶಿಯನ್ ಕೋರ್ಸಿನ ಆಸೆ ಬಹಳ ವರ್ಷದಿಂದ ಇದೆ, ಅದಕ್ಕೂ ಇದು ಸಲ್ಲುತ್ತದೆಯೇ ಎಂದು. ತೆರಿಗೆಯಲ್ಲಿ ಉಳಿದ ಹಣದಿಂದ ಗಂಡ ನನಗೊಂದು ಒಳ್ಳೆಯ ಮಲ್ಟಿಮೀಟರ್ ತಂದುಕೊಟ್ಟರು, ವೋಲ್ಟೇಜು ಅಳೆಯುವ ಸಾಧನ. ಒಂದು ವಾರ ನಾನು ಮನೆಯಲ್ಲಿ ಒಂದು ಪ್ಲಗ್ಗನ್ನೂ ಅಳೆಯದೆ ಬಿಡಲಿಲ್ಲ.

ಎರಡು ವರ್ಷ ಮುಗಿಯಿತು, ಪಾಸಾದೆ. ಕುಂದಾಪುರದ ನಮ್ಮ ಮನೆಯ ಗೇಟಿಗೆ ಮಗಳೇ ಬಣ್ಣದಲ್ಲಿ ಬೋರ್ಡು ಬರೆದಳು. ಶುರುವಿನಲ್ಲಿ ಯಾರೂ ಬರಲಿಲ್ಲ. ನೆರೆಮನೆಯ ಒಂದು ಮಿಕ್ಸಿ ಬಂತು, ಅದು ನನ್ನ ವಿದ್ಯೆಯೇ ಅಲ್ಲ, ಆದರೂ ಮಾಡಿಕೊಟ್ಟೆ. ಆಮೇಲೆ ನಮ್ಮ ಫ್ರಿಡ್ಜ್ ಸರಿ ಮಾಡಿದ ಆ ಮೆಕ್ಯಾನಿಕ್ಕೇ ಒಂದು ಬೆಳಿಗ್ಗೆ ಫೋನು ಮಾಡಿದರು.

"ಹ್ವಾಯ್, ಬಸ್ರೂರಂಗೆ ಒಂದ್ ಮನಿ. ನಾಳೆ ಮೆಹೆಂದಿ ಊಟ, ಡೀಪ್ ಫ್ರೀಜರ್ ನಿಂತಿತ್ತಂಬ್ರು. ನಾನ್ ಈಗ ಬೈಂದೂರಂಗ್ ಇದ್ದೆ, ಬಪ್ಪುಕೆ ಸಂಜೆ ಆತ್ತ್. ನೀವ್ ಹೋತ್ರಿಯಾ?"

ಮದುವೆಯ ಹಿಂದಿನ ದಿನದ ಮೆಹೆಂದಿ ಊಟ ಎಂದರೆ ನಮ್ಮ ಕರಾವಳಿಯಲ್ಲಿ ಮೀನು, ಕೋಳಿ. ಫ್ರೀಜರ್ ನಿಂತರೆ ಏನಾಗುತ್ತದೆ ಎಂದು ಮೀನು ಮಾರಿದವಳ ಮಗಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚೀಲ ಸ್ಕೂಟಿಗೆ ಹಾಕಿ ಹೊರಟೆ.

ಅಂಗಳದಲ್ಲಿ ಚಪ್ಪರ ಹಾಕುತ್ತಿದ್ದರು. ಮದುವೆಯ ಹುಡುಗಿಯ ತಾಯಿ ಬಾಗಿಲಲ್ಲೇ ನಿಂತಿದ್ದರು. ನನ್ನ ಹಿಂದೆ ಇನ್ಯಾರೋ ಬರುತ್ತಾರೆಂದು ಗೇಟಿನ ಕಡೆ ನೋಡಿದರು.

"ಮೆಕ್ಯಾನಿಕ್ ಎಲ್ಲಿ?"

"ನಾನೇ."

ಅವರ ಮುಖದಲ್ಲಿ ಎಂಥದ್ದೋ ನೆಮ್ಮದಿ ಬಂತು. "ಬನ್ನಿ ಒಳಗೆ. ಗಂಡಸ್ರೆಲ್ಲ ಪೇಟೆಗೆ ಹೋಯಿರ್. ಅಡ್ಗಿಮನಿ ಒಳಗೆ ಗುರ್ತ ಇಲ್ದರನ್ನ್ ಕರುದ್ ಹೆಂಗೆ ಅಂದೇಳಿ ತಲಿಬಿಸಿ ಆಯಿತ್ತ್" ಎಂದರು.

ಫ್ರೀಜರಿನ ಮುಚ್ಚಳ ತೆರೆಯಬೇಡಿ ಎಂದು ಮೊದಲು ಹೇಳಿದೆ. ಒಳಗಿನ ಚಳಿ ಉಳಿಯಬೇಕಲ್ಲ. ಸ್ವಿಚ್ಚು ಹಾಕಿ ಕಿವಿ ಇಟ್ಟೆ. ಕಂಪ್ರೆಸರ್ ಒಮ್ಮೆ ಗುರ್ ಎಂದು, ಟಕ್ ಎಂದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಗೇ. ಮೀಟರು ಹಿಡಿದರೆ ವೋಲ್ಟೇಜು ತೀರ ಕಡಿಮೆ. ವಯರು ಎಲ್ಲಿಂದ ಬರುತ್ತದೆ ಎಂದು ನೋಡುತ್ತಾ ಹೊರಗೆ ಹೋದೆ. ಚಪ್ಪರದ ಲೈಟು, ಮೈಕು, ನೀರಿನ ಪಂಪು ಎಲ್ಲವನ್ನೂ ಅದೇ ಸಪೂರದ ವಯರಿಗೆ ಸಿಕ್ಕಿಸಿದ್ದರು. ಪಂಪನ್ನು ನಿಲ್ಲಿಸಿ, ಲೈಟಿನವರಿಗೆ ಹೇಳಿ ಅವರದ್ದನ್ನು ಬೇರೆ ಕಡೆಯಿಂದ ಎಳೆಸಿದೆ. ಫ್ರೀಜರಿಗೆ ದಪ್ಪ ವಯರಿನಲ್ಲಿ ನೇರ ಸಂಪರ್ಕ ಕೊಟ್ಟೆ. ಸ್ವಿಚ್ಚು ಹಾಕಿದೆ.

ಗುರ್. ಟಕ್.

ಹುಡುಗಿಯ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಕಂಪ್ರೆಸರೇ ಸುಟ್ಟಿದ್ದರೆ ಇವತ್ತು ನಾನು ಮಾಡುವಂಥದ್ದೇನೂ ಇಲ್ಲ. ಮತ್ತೆ ಕುಳಿತು ಅದರ ಪಕ್ಕದ ಸಣ್ಣ ಮುಚ್ಚಳ ಬಿಚ್ಚಿದೆ. ಅದನ್ನು ಚಾಲೂ ಮಾಡುವ ರಿಲೇ ಕರ್ರಗಾಗಿತ್ತು, ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಕಂಪ್ರೆಸರಿನ ಒಳಗಿನ ತಂತಿಗಳನ್ನು ಮೀಟರಿನಿಂದ ನೋಡಿದೆ. ಅವು ಸರಿ ಇದ್ದವು. ನನಗೆ ಆಗಲೇ ಕುಣಿಯಬೇಕು ಅನ್ನಿಸಿತು, ಆದರೆ ಗಂಭೀರವಾಗಿಯೇ ಚೀಲದಿಂದ ಹೊಸ ರಿಲೇ ತೆಗೆದು ಹಾಕಿದೆ.

ಈ ಸಲ ಗುರ್ ಎಂದದ್ದು ನಿಲ್ಲಲಿಲ್ಲ. ಗುರ್ ಮೆಲ್ಲಗೆ ಹೂಂ ಆಯಿತು, ಒಂದೇ ಹದದಲ್ಲಿ. ಒಂದು ಕೊಳವೆಯ ಮೇಲೆ ಕೈ ಇಟ್ಟೆ, ಬೆಚ್ಚಗಾಗುತ್ತಿತ್ತು. ಇನ್ನೊಂದರ ಮೇಲೆ ಹುಡುಗಿಯ ತಾಯಿಯ ಕೈ ಹಿಡಿದು ಇಡಿಸಿದೆ.

"ತಣ್ಣಗಾತಿತ್ತಲೆ" ಎಂದರು ಅವರು, ಮಗುವಿನ ಹಾಗೆ. ನಂತರ ಮುಚ್ಚಳದ ಮೇಲೆ ಕೈ ಊರಿ ದೊಡ್ಡ ಉಸಿರು ಬಿಟ್ಟರು. "ಅಂಜಲ್ ಮೀನ್ ಎಷ್ಟಿತ್ ಗೊತ್ತಿತ್ತಾ ಇದ್ರಂಗೆ?" ಎಂದು ನಗಲು ಶುರು ಮಾಡಿದರು. ನನಗೂ ನಗು ತಡೆಯಲಾಗಲಿಲ್ಲ. ಮದುಮಗಳು ಒಳಗಿನಿಂದ ಎಂತ ಆಯಿತೆಂದು ಓಡಿ ಬಂದಳು.

ಮರುದಿನ ಊಟಕ್ಕೆ ನಮ್ಮನ್ನೂ ಕರೆದಿದ್ದರು. ಗಂಡ, ಮಗಳು, ಅಮ್ಮ ಎಲ್ಲರೂ ಹೋದೆವು. ಹುಡುಗಿಯ ತಾಯಿ ಬಡಿಸುವವರನ್ನು ನಿಲ್ಲಿಸಿ ತಾವೇ ನಮ್ಮ ಎಲೆಗೆ ಮೀನು ಹಾಕಿದರು. ಊಟವಾಗಿ ಕೈ ತೊಳೆಯುವುದರೊಳಗೆ ಮೂವರು ಹೆಂಗಸರು ನನ್ನ ಫೋನ್ ನಂಬರು ಕೇಳಿ ಬರೆದುಕೊಂಡರು. ಒಬ್ಬರ ಮನೆಯಲ್ಲಿ ಫ್ರಿಡ್ಜ್ ಕೆಟ್ಟೇ ಇರಲಿಲ್ಲ. "ಕೆಟ್ರೆ ಅಂದೇಳಿ ಈಗ್ಲೇ ತಕಂಡದ್ದ್" ಎಂದರು.

ಅವರ ಪಕ್ಕದಲ್ಲಿ ನಿಂತಿದ್ದ ಇನ್ನೊಬ್ಬರು ಸೆರಗಿನ ತುದಿ ಸುತ್ತುತ್ತಾ, ಉಳಿದವರು ಹೋಗುವವರೆಗೆ ಕಾದರು. ಕೆರಾಡಿ ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. "ನಂಗೂ ಎಂತಾರೂ ಕಲಿಯಕ್ ಅಂತಿತ್ತ್. ಪಿಯುಸಿ ಆಯಿತ್ತ್. ಈ ಪ್ರಾಯಕ್ಕೆ ಯಾರ್ ಸಾಲ ಕೊಡ್ತ್ರ್?" ಎಂದರು.

ನಾನು ಚಪ್ಪರದ ನೆರಳಿನಲ್ಲಿ ಎರಡು ಕುರ್ಚಿ ಎಳೆದೆ. "ಕೂಕಣಿ, ಹೇಳ್ತೆ" ಎಂದೆ. ಬ್ಯಾಂಕಿನಿಂದ ಶುರು ಮಾಡಿ ಬಡ್ಡಿ, ತೆರಿಗೆ, ಮಾನ್ಯತೆ ಎಲ್ಲ ಹೇಳಿದೆ. ಅವರು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದರು, ನಾನು ಉತ್ತರಿಸಿದೆ. ಗಂಡ ದೂರದಿಂದ ಗಡಿಯಾರ ತೋರಿಸುತ್ತಿದ್ದರು. ಬಸ್ಸು ಹೋದರೆ ಹೋಗಲಿ, ಇನ್ನೊಂದು ಬರುತ್ತದೆ ಎಂದು ಕೈಸನ್ನೆ ಮಾಡಿದೆ.